ನಾದಿನಿಗೆ ಶುಕ್ರವಾರದ ಸುಸ್ತು

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಬೀದರ್ ಕಡೆಯ ಒಬ್ಬ ಹುಡುಗಿ ಕೂತಿದ್ದಾಳೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಫೋನ್ ಮಾಡಿದಳು.

"ಮೇಡಂ, ನಿಮ್ಮ ಹಳೇ ಲಾಗ್ ಪುಸ್ತಕ ಓದ್ಲಿಕತ್ತೀನ್ರಿ. ಇದರಾಗ ಅಲ್ಲಲ್ಲಿ 'ಬಸ್ಸಾರು' ಅಂತ ಬರದೀರಿ. ಅದ್ಯಾವ ಸಾಫ್ಟ್‌ವೇರ್ ರೀ?"

"ಸಾಫ್ಟ್‌ವೇರ್ ಅಲ್ಲ ಕಣಮ್ಮ. ಸೊಪ್ಪು, ಕಾಳು ಬೇಯ್ಸಿ, ಬಸಿದ ನೀರಲ್ಲಿ ಮಾಡೋ ಸಾರು. ಅವತ್ತಿನ ನನ್ನ ಊಟದ ಡಬ್ಬಿ."

ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ, "ಮತ್ತ ಅದನ್ನ ಲ್ಯಾಬ್ ಪುಸ್ತಕದಾಗ ಯಾಕ ಬರದೀರಿ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವ ಇತರರಿಗೂ.

ನಾನು ದುಡಿದದ್ದು ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೂರನೇ ಮಹಡಿಯ ಸಂಶೋಧನಾ ಲ್ಯಾಬಿನಲ್ಲಿ, ಇನ್‌ಸ್ಟ್ರಕ್ಟರ್ ಆಗಿ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮೂರನೇ ಮಹಡಿ ಇನ್ನು ಸಾಕು ಎಂದು ಮೊಣಕಾಲು ಹೇಳಿದ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡೆ. ನಡುವೆ ಎರಡು ಸಲ ಬಡ್ತಿ ಬಂತು. ಎರಡು ಸಲವೂ ಕುರ್ಚಿ ಅದೇ, ಕುರ್ಚಿಯ ಮುರಿದ ಕೈಯೂ ಅದೇ. ಅದರ ವಿಷಯ ಅಷ್ಟು ಸಾಕು.

ನಾನು ಸೇರಿದ ಕಾಲದಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೂಳು ಬರಬಾರದು ಅಂತ ಕಾರಣ ಹೇಳುತ್ತಿದ್ದರು. ಆದರೆ ಒಳಗೆ ಹೋದವರು ದನಿ ತಗ್ಗಿಸಿ ಮಾತಾಡುತ್ತಿದ್ದುದನ್ನು ನೋಡಿದರೆ ದೂಳಿನ ಭಯಕ್ಕಿಂತ ಭಕ್ತಿಯೇ ಹೆಚ್ಚಿತ್ತು. ಪ್ರಿನ್ಸಿಪಾಲರ ಕಾಲುಚೀಲದಲ್ಲಿ ಹೆಬ್ಬೆರಳಿನಷ್ಟು ತೂತಿದೆ ಎಂದು ಇಡೀ ಕಾಲೇಜಿಗೆ ಗೊತ್ತಾದದ್ದು ಆ ಬಾಗಿಲಲ್ಲೇ. ಕಾಲ ಬದಲಾಯಿತು. ಚಪ್ಪಲಿ ಒಳಗೆ ಬಂತು. ಭಕ್ತಿ ಮಾತ್ರ ಹೊರಗೆ ಹೋಗಲಿಲ್ಲ. ನಾನು ಹೇಳಹೊರಟಿರುವ ರಾಮಾಯಣವೆಲ್ಲ ಅದರಿಂದಲೇ ಆದದ್ದು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿನಲ್ಲಿ ನಾಲ್ಕು ದೊಡ್ಡ ಸರ್ವರ್‌ಗಳಿದ್ದವು. ಪ್ರತಿಯೊಂದರ ಒಳಗೂ ಹತ್ತು ಹನ್ನೆರಡು ವರ್ಚುವಲ್ ಮೆಷೀನ್. ಇದನ್ನು ಪುಸ್ತಕದಲ್ಲಿ ಎರಡು ಪುಟ ವಿವರಿಸುತ್ತಾರೆ. ಲಕ್ಷ್ಮೀಪುರದ ವಠಾರದಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ನನಗೆ ಎರಡು ಪುಟ ಬೇಕಾಗಲಿಲ್ಲ. ಮನೆ ಒಂದೇ. ಒಳಗೆ ಗೋಡೆ ಎಬ್ಬಿಸಿ ಎಂಟು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ, ಇದು ನನ್ನ ಮನೆ ಎಂಬ ಜಂಬ. ಆದರೆ ನೀರಿನ ತೊಟ್ಟಿ ಒಂದೇ. ಮೂಲೆಮನೆಯವರು ಬೆಳಿಗ್ಗೆ ಕಂಬಳಿ ಒಗೆಯಲು ಕೂತರೆ ನಮ್ಮ ನಲ್ಲಿಯಲ್ಲಿ ದಾರದಷ್ಟು ನೀರು. ಯಾಕೆ ಎಂದು ನಮ್ಮ ಅಡುಗೆಮನೆಯಲ್ಲಿ ನಿಂತು ಎಷ್ಟು ಯೋಚಿಸಿದರೂ ಗೊತ್ತಾಗದು, ಹೊರಗೆ ಬಂದು ನೋಡಬೇಕು. ವರ್ಚುವಲ್ ಮೆಷೀನೂ ಅಷ್ಟೇ. ಒಳಗಿದ್ದವರಿಗೆ ಮನೆ ತನ್ನದು ಅನ್ನಿಸುತ್ತದೆ, ತೊಟ್ಟಿ ಕಾಣುವುದಿಲ್ಲ. ಒಂದೇ ಕೆಲಸ ಕೊಟ್ಟರೂ ಒಂದು ದಿನ ಚುರುಕು, ಒಂದು ದಿನ ಆಮೆ. ಯಾಕೆ, ಯಾವಾಗ, ಎಷ್ಟು ನಂಬಬಹುದು ಎಂದು ಅಳೆಯುವುದೇ ನಮ್ಮ ಲ್ಯಾಬಿನ ಸಂಶೋಧನೆ.

ನಾಲ್ಕು ಯಂತ್ರಗಳಿಗೂ ಕಾಲೇಜು ಉದ್ದುದ್ದ ನಂಬರ್ ಕೊಟ್ಟಿತ್ತು. ನನ್ನ ಬಾಯಿಗೆ ಅವು ಹತ್ತಲಿಲ್ಲ. ಮೇಲಿನದು, ಗೊರಗೊರ ಅನ್ನುವುದು, ಅಜ್ಜಿ. ಅದರ ಕೆಳಗಿನದು ದೊಡ್ಡತ್ತೆ. ಎದೆಯ ಎತ್ತರದಲ್ಲಿ ಹೊಸದಾಗಿ ಬಂದು, ಎಲ್ಲರಿಗಿಂತ ಹೆಚ್ಚು ಸೌಕರ್ಯ ಕೇಳುತ್ತಿದ್ದದ್ದು ನಾದಿನಿ. ಕೆಳಗೆ ಯಾರ ಗೊಡವೆಗೂ ಹೋಗದೆ ಬಿದ್ದಿದ್ದದ್ದು ಚಿಕ್ಕಮ್ಮ. ವರ್ಷದೊಳಗೆ ಪ್ರೊಫೆಸರರೂ ಹಾಗೇ ಕರೆಯತೊಡಗಿದರು. ಒಮ್ಮೆ ಬೆಂಗಳೂರಿನಿಂದ ಬಂದ ತಪಾಸಣೆಯ ತಂಡದ ಮುಂದೆ "ನಿನ್ನೆ ರಾತ್ರಿ ನಮ್ಮ ದೊಡ್ಡತ್ತೆ ಹೋಗಿಬಿಟ್ಟಳು, ಈಗ ಎಬ್ಬಿಸಿದ್ದೀವಿ" ಅಂದುಬಿಟ್ಟರು. ತಂಡದವರು ಎದ್ದು ನಿಂತು ಸಂತಾಪ ಹೇಳಿದರು.

ನಮ್ಮ ಪ್ರೊಫೆಸರರನ್ನು ಇಲ್ಲಿ ದೊಡ್ಡ ಸಾರ್ ಅನ್ನುತ್ತೇನೆ. ಯಾದವಗಿರಿಯಲ್ಲಿ ಮನೆ, ತೋಟಕ್ಕೆ ಮಾತ್ರ ಬಗ್ಗುವ ಬೆನ್ನು. ಕೆಟ್ಟವರಲ್ಲ. ಆದರೆ ಅಂಕಿಗಳ ಪಟ್ಟಿ ಕಂಡರೆ ಓದುವ ತಾಳ್ಮೆಯಿಲ್ಲ. ಯಾವ ಪಟ್ಟಿ ಕೊಟ್ಟರೂ "ಮೀನ್ ಎಷ್ಟು? ಮೀನ್ ಹೇಳಿ ಸಾಕು" ಅನ್ನುವರು. ಮೀನ್ ಅಂದರೆ ಸರಾಸರಿ. ನಮ್ಮ ಅಟೆಂಡರ್ ಸಿದ್ದರಾಜು ಎರಡು ವರ್ಷ ಇದನ್ನು ಕೇಳಿ ಕೇಳಿ ಒಂದು ದಿನ ನನ್ನ ಕಿವಿಯಲ್ಲಿ ಕೇಳಿದ. "ಅಲ್ಲ ಮೇಡಮ್ನೋರೆ, ಸಾರು ಮೊಟ್ಟೆ ಕಂಡ್ರೆ ಮೂಗು ಮುಚ್ಕತಾರೆ. ಇಲ್ಲಿ ಬಂದ್ರೆ ಬರೀ ಮೀನು ಮೀನು ಅಂತಾರಲ್ಲ, ಎಂಗೆ?"

ನಾನೇನು ಕಡಿಮೆಯಲ್ಲ. ದೊಡ್ಡ ಸಾರ್ ನನಗೆ ಪ್ರತಿ ವಾರ ಯಂತ್ರಗಳ 'ಸ್ಟೀಲ್ ಟೈಮ್' ಬರೆದುಕೊಡಲು ಹೇಳಿದ್ದರು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡೆ. ಕನ್ನಡದಲ್ಲಿ ಬರೆದರೆ ಕದಿಯುವ ಸ್ಟೀಲೂ ಪಾತ್ರೆಯ ಸ್ಟೀಲೂ ಒಂದೇ. ನನಗೆ ಹೊಳೆದದ್ದು ಪಾತ್ರೆ. ಗಟ್ಟಿಮುಟ್ಟಾದ, ತುಕ್ಕು ಹಿಡಿಯದ ಸಮಯ ಇರಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ. ನಿಜವಾಗಿ ಅದು ಪಕ್ಕದ ಸಂಸಾರ ನಮ್ಮಿಂದ ಕದ್ದ ಸಮಯ, ನಾವು ಬಿಂದಿಗೆ ಹಿಡಿದು ಕಾದು ನಿಂತ ಹೊತ್ತು. ಮೂರು ತಿಂಗಳು ಅತ್ಯಂತ ಹೆಚ್ಚು ಕದಿಸಿಕೊಂಡ ಯಂತ್ರದ ಮುಂದೆ 'ಉತ್ತಮ' ಎಂದು ಬರೆದುಕೊಟ್ಟೆ. ಮೂರು ತಿಂಗಳೂ ದೊಡ್ಡ ಸಾರ್ ಸಹಿ ಹಾಕಿದರು. ತಪ್ಪು ಹಿಡಿದವಳು ಚಂದ್ರಿಕಾ.

ಚಂದ್ರಿಕಾ ಹಿನಕಲ್ಲಿನವಳು. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಕಲ್ಯಾಣಮಂಟಪ, ಅವರಪ್ಪ ಅಲ್ಲೇ ವಾಹನ ನಿಲ್ಲಿಸುವ ಜಾಗದ ಉಸ್ತುವಾರಿ. "ಅಪ್ಪ ಬದು ಕಾಯ್ತಿದ್ದ ಜಾಗದಲ್ಲೇ ಈಗ ಕಾರು ಕಾಯ್ತಾರೆ ಮೇಡಂ, ವಾಸ್ತು ಸರಿಯಾಗಿದೆ" ಅನ್ನುತ್ತಿದ್ದಳು. ದೊಡ್ಡ ಸಾರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ ಅಂದರೆ ಊಟವಿಲ್ಲದ ಅತಿಥಿ. ಪಿಎಚ್‌ಡಿ ಕೈಗೆ ಬಂದರೆ ಕಾಯಂ, ಇಲ್ಲವಾದರೆ ಬರುವ ವರ್ಷ ಅದೂ ಇಲ್ಲ. ಆಗಲೇ ಆರು ವರ್ಷ ಆಗಿತ್ತು. ಗಡುವು ಒಮ್ಮೆ ವಿಸ್ತರಿಸಿದ್ದರು.

ಅವಳ ಕೊನೆಯ ಅಧ್ಯಾಯ ಯಂತ್ರಗಳಿಗೆ ವಯಸ್ಸಾಗುವುದರ ಬಗ್ಗೆ. ವರ್ಚುವಲ್ ಮೆಷೀನನ್ನು ನಿಲ್ಲಿಸದೆ ತಿಂಗಳುಗಟ್ಟಲೆ ಓಡಿಸಿದರೆ ನಿಧಾನವಾಗಿ ಬಳಲುತ್ತದೆ. ಬಳಲಿಕೆಯ ಮೊದಲ ಸುಳಿವು ಸಿಕ್ಕಾಗಲೇ ಅದನ್ನು ಎಬ್ಬಿಸಿ ಬೇರೆ ಸರ್ವರ್‌ಗೆ ಗುಳೆ ಕಳಿಸಿದರೆ ಮತ್ತೆ ಚುರುಕಾಗುತ್ತದೆ. ಆ ಸುಳಿವು ಹಿಡಿಯುವ ಪ್ರೋಗ್ರಾಮ್ ಅವಳದು. ಪ್ರತಿ ಗಂಟೆಗೊಮ್ಮೆ ಎಲ್ಲ ಮೆಷೀನಿಗೂ ಒಂದೇ ಲೆಕ್ಕ ಕೊಟ್ಟು, ಎಷ್ಟು ಹೊತ್ತಿನಲ್ಲಿ ಮುಗಿಸಿದವು ಎಂದು ಬರೆದಿಡುತ್ತಿದ್ದಳು. ಅಜ್ಜಿ, ದೊಡ್ಡತ್ತೆ, ಚಿಕ್ಕಮ್ಮ ಏನೂ ಹೇಳಲಿಲ್ಲ. ನಾದಿನಿ ಮಾತ್ರ ಕೇಳಿದ್ದನ್ನೆಲ್ಲ ಕೊಟ್ಟಳು. ಅವಳ ಒಳಗಿನ ಮೆಷೀನುಗಳು ತಿಂಗಳಿಂದ ತಿಂಗಳಿಗೆ ನಿಧಾನ. ಅದರ ಜೊತೆಗೆ ಶುಕ್ರವಾರ ಮಧ್ಯಾಹ್ನ ಆಯಿತೆಂದರೆ ದಿಢೀರ್ ಸುಸ್ತು, ಸೋಮವಾರ ಬೆಳಿಗ್ಗೆ ತುಸು ಚೇತರಿಕೆ. ಬೇರೆ ಸರ್ವರ್‌ಗೆ ಕಳಿಸಿದರೆ ತಕ್ಷಣ ಜೀವ. ಚಂದ್ರಿಕಾ ಇದನ್ನು 'ವಾರಾಂತ್ಯದ ಬಳಲಿಕೆ' ಎಂದು ಹೆಸರಿಸಿ, ವಾರದ ಬ್ಯಾಕಪ್ ಕೆಲಸದ ಹೊರೆ ಕಾರಣ ಎಂದು ಊಹೆ ಕಟ್ಟಿ ಲೇಖನ ಬರೆದಳು. ಒಂದು ಸಮ್ಮೇಳನದವರು ಒಪ್ಪಿಕೊಂಡರು. ದೊಡ್ಡ ಸಾರ್ ಖುಷಿಗೆ ಒಂದು ಬುಟ್ಟಿ ಸಪೋಟ ತಂದು ಹಂಚಿದರು. ನಡುನಡುವೆ ಕೆಲವು ಶುಕ್ರವಾರ ಸುಸ್ತೇ ಆಗಿಲ್ಲವಲ್ಲ ಸರ್ ಎಂದು ಅವಳು ಕೇಳಿದ್ದಕ್ಕೆ, "ಮೀನ್ ತಗೊಳಮ್ಮ, ಅಂಥವೆಲ್ಲ ಮುಚ್ಕೊಂಡು ಹೋಗುತ್ತೆ" ಅಂದರು.

ಈಗ ನನ್ನ ಭಕ್ತಿಗೆ ಬರುತ್ತೇನೆ. ಹಿಂದಿನ ಆಯುಧಪೂಜೆಗೆ ಬೆಳ್ಳಿ ಅಂಗಡಿಯವರು ಕೊಟ್ಟ ಒಂದು ಲಕ್ಷ್ಮಿ ಚಿತ್ರ ತಂದಿದ್ದೆ. ಅಂಚೆ ಕಾರ್ಡಿನಷ್ಟು ದೊಡ್ಡದು, ಹಿಂದೆ ಅಯಸ್ಕಾಂತ. ಎಲ್ಲಿ ಅಂಟಿಸುವುದು? ಅಜ್ಜಿ ಕೈಗೆಟುಕುವುದಿಲ್ಲ, ಚಿಕ್ಕಮ್ಮನಿಗೆ ಬಗ್ಗಬೇಕು. ಎದೆಯೆತ್ತರದಲ್ಲಿ ನಾದಿನಿ, ಮುಂದೆ ನೀಟಾದ ಜಾಲರಿ. ಟಪ್ ಎಂದು ಕೂತಳು ಲಕ್ಷ್ಮಿ. ಅಂದಿನಿಂದ ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ ತೇದ ಗಂಧ, ಕುಂಕುಮ, ಊದುಬತ್ತಿ, ಎರಡು ಮೊಳ ಕಾಕಡ ಹೂವು ಜಾಲರಿಯ ಉದ್ದಕ್ಕೂ. ಸೋಮವಾರ ಬಾಡಿದ ಹೂವು ತೆಗೆಯುವುದು. ಸಿದ್ದರಾಜು ಕಡಲೆಪುರಿ ಹಂಚುವುದು. ಎಲ್ಲವೂ ನನ್ನ ಲಾಗ್ ಪುಸ್ತಕದಲ್ಲಿದೆ, ಎಸಿಯ ಸದ್ದು, ಯುಪಿಎಸ್‌ನ ಬೀಪು, ಊಟದ ಡಬ್ಬಿಯ ಜೊತೆಗೆ.

ಒಂದು ಗುರುವಾರ ಚಿತ್ರದ ಮೂಲೆ ಹೊಗೆಗೆ ಕಪ್ಪಾಗಿದೆ ಎಂದು ಒರೆಸಲು ತೆಗೆದೆ. ಹಿಂದೆ ಜಾಲರಿ ಕಾಣಲೇ ಇಲ್ಲ. ಗಂಧ, ಕುಂಕುಮ, ಹೊಗೆ, ದೂಳು ಸೇರಿ ರೊಟ್ಟಿ ಕಟ್ಟಿತ್ತು. ಅಯ್ಯೋ ಗಲೀಜೇ ಎಂದು ಹಳೆಯ ಹಲ್ಲುಜ್ಜುವ ಬ್ರಷ್ ತಂದು ಪೂರ್ತಿ ಉಜ್ಜಿದೆ. ಚಿತ್ರ ಒಣಗಲಿ ಎಂದು ನನ್ನ ಮೇಜಿನ ಮೇಲಿಟ್ಟೆ. ಮಾರನೆಯ ದಿನದ ಪೂಜೆಯೂ ಮೇಜಿನ ಮೇಲೇ ಆಯಿತು. ಸೋಮವಾರ ಚಂದ್ರಿಕಾ ಬಂದಳು, ಬ್ಯಾಗು ಕೂಡ ಇಳಿಸದೆ.

"ಮೇಡಂ, ಏನೋ ಎಡವಟ್ಟಾಗ್ಬುಟ್ಟಿದೆ. ಈ ಶುಕ್ರವಾರ ನಾದಿನಿಗೆ ಸುಸ್ತೇ ಆಗಿಲ್ಲ. ನೋಡಿ, ಗೀಟು ಎಳ್ದಂಗೆ ನೆಟ್ಟಗಿದೆ."

"ಒಳ್ಳೇದೇ ಆಯ್ತಲ್ಲಮ್ಮ?"

"ಏನ್ ಒಳ್ಳೇದು ಮೇಡಂ! ಎಂಟು ತಿಂಗಳಿಂದ ಸುಸ್ತಾದೋಳು, ಶುಕ್ರವಾರ ಬಂದ್ರೆ ಮಲಗೋಳು, ಈಗ ಹೊಸ ಮದುಮಗಳ ಥರ ಕುಣೀತಾವ್ಳೆ. ನನ್ ಪ್ರೋಗ್ರಾಮೇ ಕೆಟ್ಟಿರ್ಬೇಕು. ಇನ್ನು ಹದಿನೈದು ದಿನಕ್ಕೆ ಕೊಲೋಕ್ವಿಯಂ."

ಕೊಲೋಕ್ವಿಯಂ ಅಂದರೆ ಪ್ರಬಂಧ ಸಲ್ಲಿಸುವ ಮುಂಚೆ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿ ಒಪ್ಪಿಸುವುದು. ಅವಳು ಪ್ರೋಗ್ರಾಮಿನ ಸಾಲು ಸಾಲು ಹುಡುಕುತ್ತ ಕೂತಳು. ನಾನು ನಾದಿನಿಯ ಫಳಫಳ ಜಾಲರಿ ನೋಡಿದೆ. ಜಾಲರಿಯಿಂದಲೇ ಅಲ್ಲವೇ ತಣ್ಣನೆ ಗಾಳಿ ಒಳಗೆ ಹೋಗಬೇಕಾದದ್ದು? ಗಾಳಿಯಿಲ್ಲದಿದ್ದರೆ ಬಿಸಿ. ಬಿಸಿಯಾದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಡಿಪ್ಲೊಮಾ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ. ಯಂತ್ರದ ಬಿಸಿ ಎಷ್ಟಿತ್ತು ಎಂಬ ಹಳೆಯ ದಾಖಲೆಯಾದರೂ ನೋಡೋಣ ಎಂದರೆ, ಜಾಗ ಉಳಿಯಲಿ ಎಂದು ಎರಡು ವಾರಕ್ಕೊಮ್ಮೆ ಅಳಿಸಿಹೋಗುವಂತೆ ಇಟ್ಟವಳೂ ನಾನೇ. ಇದ್ದ ಎರಡು ವಾರದ್ದು ತೆಗೆದು ನೋಡಿದೆ. ಜಾಲರಿ ಉಜ್ಜುವ ಮುಂಚಿನ ಶುಕ್ರವಾರ ಹನ್ನೊಂದರಿಂದ ಜ್ವರ ಬಂದ ಹಾಗೆ ಏರಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಕುಂಕುಮ ಇತ್ತು.

ವಯಸ್ಸೂ ಇಲ್ಲ, ಬಳಲಿಕೆಯೂ ಇಲ್ಲ. ಆರು ವರ್ಷದ ಕೊನೆಯ ಅಧ್ಯಾಯ ನನ್ನ ಎರಡು ಮೊಳ ಕಾಕಡ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅವಳ ಮುಖ ನೋಡಲಾರದೆ, ಮಂಗಳವಾರ ಬೆಳಿಗ್ಗೆ ಯಾರೂ ಬರುವ ಮುಂಚೆ ಬಂದು ಚಿತ್ರವನ್ನು ನಾದಿನಿಗೇ ಅಂಟಿಸಿ, ಗಂಧ ಮೆತ್ತಿ, ಮೂರು ಮೊಳ ಹೂವು ಹಾಕಿಬಿಟ್ಟೆ. ಒಂದು ಮೊಳ ಹೆಚ್ಚಿಗೆ, ಖಾತ್ರಿಯಾಗಲಿ ಎಂದು. ಬುಧವಾರ ಚಂದ್ರಿಕಾ ಕೋಡುಬಳೆ ಡಬ್ಬಿ ಹಿಡಿದು ಬಂದಳು. "ಸರಿಹೋಯ್ತು ಮೇಡಂ! ಮತ್ತೆ ಸುಸ್ತು! ಪ್ರೋಗ್ರಾಮ್ ಕೆಟ್ಟಿರ್ಲಿಲ್ಲ. ಅಮ್ಮ ಕರ್ದಿದ್ದು, ತಗೊಳಿ."

ಅವತ್ತಿನ ಲಾಗ್ ಪುಸ್ತಕದಲ್ಲಿ 'ಕೋಡುಬಳೆ ಎರಡು. ತಿನ್ನಲಿಲ್ಲ' ಎಂದಿದೆ.

ಸಂಜೆ ಸಿದ್ದರಾಜು ಕಸ ಗುಡಿಸುತ್ತ ನಿಂತ. "ಮೇಡಮ್ನೋರೆ, ಒಂದು ಮಾತು. ನಿನ್ನೆ ಮಂಗಳವಾರ. ಮಾರಮ್ಮನ ವಾರ. ಲಕ್ಷ್ಮಿಗ್ಯಾಕೆ ಪೂಜೆ ಮಾಡುದ್ರಿ?"

"ಸುಮ್ನೆ ಕಣೋ."

"ಸುಮ್ನೆ ಯಾರಾದ್ರೂ ಮೂರು ಮೊಳ ತರ್ತಾರಾ? ನೀವು ಒಂದ್ ಮೊಳಕ್ಕೆ ಹೂವಾಡಗಿತ್ತಿ ಹತ್ರ ಅರ್ಧ ಗಂಟೆ ಜಗಳ ಆಡೋರು."

ಮಾರನೆಯ ದಿನ ಚಂದ್ರಿಕಾಳನ್ನು ಕೂರಿಸಿ ಎಲ್ಲ ಹೇಳಿದೆ. ಜಾಲರಿ, ರೊಟ್ಟಿ, ಬ್ರಷ್, ಮಂಗಳವಾರದ ಕಳ್ಳಪೂಜೆ, ಎಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಮೊದಲನೇದು ಭಕ್ತಿ ಮೇಡಂ, ಬುಡಿ. ಮಂಗಳವಾರ ಮಾಡಿದ್ದು ಏನು?"

"ತಪ್ಪು ಕಣಮ್ಮ."

"ನಾನು ಅಮ್ಮನ ಕೈಲಿ ಕೋಡುಬಳೆ ಕರಿಸ್ದೆ ಮೇಡಂ. ಸರಿಹೋಯ್ತು ಅಂತ ಮನೇಲೆಲ್ಲ ಹೇಳ್ಬುಟ್ಟೆ."

ಎದ್ದು ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಮುಖ ತೊಳೆದು ಬಂದವಳು ನನ್ನ ಕಡೆ ನೋಡದೆ ಕೈ ಚಾಚಿದಳು. "ನಿಮ್ಮ ಲಾಗ್ ಪುಸ್ತಕ ಕೊಡಿ."

ಸಂಜೆಯವರೆಗೆ ಪುಸ್ತಕವನ್ನೂ ತನ್ನ ಗ್ರಾಫನ್ನೂ ಪಕ್ಕಪಕ್ಕ ಇಟ್ಟುಕೊಂಡು ಗುರುತು ಹಾಕಿದಳು. ಮೇಜಿನ ಮೇಲೆ ಮಾಡಿದ ಕೊನೆಯದೊಂದನ್ನು ಬಿಟ್ಟರೆ, ಪೂಜೆ ಎಂದು ಬರೆದ ಪ್ರತಿ ಶುಕ್ರವಾರವೂ ಸುಸ್ತು. ಅದಕ್ಕೂ ಮುಂಚೆ ಆರು ಶುಕ್ರವಾರ ಸುಸ್ತಿಲ್ಲ. ದೊಡ್ಡ ಸಾರ್ ಮೀನಿನ ಕೆಳಗೆ ಮುಚ್ಚಿಸಿದ್ದವು ಅವೇ. ಎರಡು ಸಲ ನಾನು ರಜೆ. ಉಳಿದ ನಾಲ್ಕಕ್ಕೆ ಪೂಜೆಯ ಮಾತಿಲ್ಲ, ತಾರೀಕಿನ ಪಕ್ಕ ಕೆಂಪು ಇಂಕಿನ ಒಂದು ಚುಕ್ಕೆ.

"ಈ ಚುಕ್ಕೆ ಏನು ಮೇಡಂ?" ಎಂದು ಕೇಳಿ, ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡಳು. "ಅಯ್ಯೋ! ಅದಾ?"

ಅದೇ. ನಮ್ಮಮ್ಮ ಕ್ಯಾಲೆಂಡರಿನಲ್ಲಿ ಇಡುತ್ತಿದ್ದ ಚುಕ್ಕೆ. ಆ ದಿನಗಳಲ್ಲಿ ನಾನು ದೇವರನ್ನು ಮುಟ್ಟುತ್ತಿರಲಿಲ್ಲ. ಬೆಳಗಾಗೆದ್ದು ಬಂದು ನಾಲ್ಕು ಸರ್ವರ್ ಮುಟ್ಟುತ್ತಿದ್ದೆ, ಮಧ್ಯದಲ್ಲಿ ಅಂಟಿದ್ದ ಲಕ್ಷ್ಮಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರಲ್ಲಿ ಏನು ತರ್ಕ ಎಂದು ಕೇಳಬೇಡಿ. ತರ್ಕ ಇದ್ದಿದ್ದರೆ ಜಾಲರಿಗೆ ಗಂಧ ಮೆತ್ತುತ್ತಿದ್ದೆನೆ? ಅಂತೂ ನಾಲ್ಕು ದಿನದ ಬಳಿಕ ಮೊದಲ ಸಲ ಇಬ್ಬರೂ ನಕ್ಕೆವು. ಪೂರ್ತಿ ಕ್ಷಮಿಸಿದ ನಗುವಲ್ಲ ಅದು, ಆದರೆ ನಗು.

ದೊಡ್ಡ ಸಾರ್ ಕೇಳಿದ ಮೊದಲ ಮಾತು, "ಇದು ಬೇರೆ ಯಾರಿಗೆ ಗೊತ್ತು?"

"ಸಿದ್ದರಾಜುಗೆ ಅರ್ಧ ಗೊತ್ತು ಸರ್" ಅಂದೆ.

"ಹಾಗಾದ್ರೆ ಕೊಲೋಕ್ವಿಯಂ ಮುಗೀಲಿ. ಆಮೇಲೆ ನೋಡೋಣ. ಒಟ್ಟಾರೆ ಮೀನ್ ಏನೂ ಬದಲಾಗಲ್ಲವಲ್ಲ."

"ಸರ್, ನಾನು ಅದನ್ನ ನಿಂತ್ಕೊಂಡು ಓದಕ್ಕಾಗಲ್ಲ" ಅಂದಳು ಚಂದ್ರಿಕಾ. "ಮೆಷೀನಿಗೆ ವಯಸ್ಸಾಗ್ತಿದೆ ಅಂತ ಓದ್ತಾ ಇದ್ರೆ ನನ್ ಕಣ್ಮುಂದೆ ಕಾಕಡ ಬರುತ್ತೆ."

ದೊಡ್ಡ ಸಾರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರ ಹೆಸರೂ ಆ ಲೇಖನದಲ್ಲಿತ್ತು. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟುತ್ತ ಲೇಖನ ಹಿಂತೆಗೆದುಕೊಳ್ಳುವ ಪತ್ರ ತಾವೇ ಬರೆದರು. ಕೊನೆಯ ಆರು ತಿಂಗಳ ವಿಸ್ತರಣೆ ಬೇಡುವ ಅರ್ಜಿಯನ್ನೂ ಬರೆದು, ಕಾರಣದ ಜಾಗದಲ್ಲಿ 'ಉಪಕರಣದ ಭೌತಿಕ ಅಡಚಣೆ' ಎಂದು ಹಾಕಿದರು. ಅವರ ಬಗ್ಗೆ ಇಷ್ಟು ಹೊತ್ತು ಆಡಿಕೊಂಡೆನಲ್ಲ, ಇದನ್ನೂ ಬರೆಯಬೇಕು.

ಆ ಆರು ತಿಂಗಳು ನಾವು ಮಾಡಿದ್ದು ಲಕ್ಷ್ಮಿಯ ವರ್ಗಾವಣೆ. ಎರಡು ವಾರ ಅಜ್ಜಿಯ ಮೇಲೆ, ಎರಡು ವಾರ ದೊಡ್ಡತ್ತೆ, ಎರಡು ವಾರ ಯಾರ ಮೇಲೂ ಇಲ್ಲ. ಲಕ್ಷ್ಮಿ ಹೋದಲ್ಲಿಗೆ ಸುಸ್ತೂ ಹೋಯಿತು. "ಎಲ್ಲಾರು ಲಕ್ಷ್ಮಿ ಬಂದ್ರೆ ಉದ್ಧಾರ ಆಯ್ತಾರೆ, ನಮ್ ಲ್ಯಾಬಲ್ಲಿ ಮಾತ್ರ ಮಂಕಾಯ್ತಾರೆ" ಎಂದು ಸಿದ್ದರಾಜು ಸ್ಟೂಲ್ ಹಿಡಿದು ನಿಲ್ಲುತ್ತಿದ್ದ. ಈ ಓಡಾಟದಲ್ಲಿ ಚಂದ್ರಿಕಾಗೆ ನಿಜವಾದ ಸಂಗತಿಯೊಂದು ಸಿಕ್ಕಿತು. ಒಳಗಿನ ವಯಸ್ಸಿನಿಂದ ಬಳಲಿದ ಮೆಷೀನನ್ನು ಇದ್ದ ಜಾಗದಲ್ಲೇ ನಿಲ್ಲಿಸಿ ಮತ್ತೆ ಎಬ್ಬಿಸಿದರೆ ಸುಧಾರಿಸುತ್ತದೆ. ಬಿಸಿಯಿಂದ ಬಳಲಿದ್ದು ಎಷ್ಟು ಸಲ ಎಬ್ಬಿಸಿದರೂ ಅಷ್ಟೇ. ಹಾಗಾಗಿ ಗುಳೆ ಕಳಿಸುವ ಮುಂಚೆ ಒಮ್ಮೆ ಇದ್ದಲ್ಲೇ ಎಬ್ಬಿಸಿ ನೋಡಿ, ಆಗಲೂ ಸುಸ್ತಿದ್ದರೆ ತಪ್ಪು ಸಂಸಾರದ್ದಲ್ಲ, ವಠಾರದ್ದು. ಅಧ್ಯಾಯ ಮತ್ತೆ ಹುಟ್ಟಿತು, ಬೇರೆ ಮುಖ ಹೊತ್ತು.

ಅದರ ಬೆನ್ನೆಲುಬು ನನ್ನ ಪುಸ್ತಕದ ಎಂಟು ತಿಂಗಳ ಶುಕ್ರವಾರಗಳ ಪಟ್ಟಿ. ಕರಡು ನೋಡುವಾಗ ದೊಡ್ಡ ಸಾರ್ ಕೇಳಿದರು, "ಗಿರಿಜಮ್ಮ, ಈ ನಾಲ್ಕು ಚುಕ್ಕೆ ಏನ್ರೀ? ಪೂಜೆ ಯಾಕಿಲ್ಲ? ಪವರ್ ಕಟ್ಟಾ?"

ನಾನು ಚಂದ್ರಿಕಾಳನ್ನು ನೋಡಿದೆ, ಚಂದ್ರಿಕಾ ನೆಲ ನೋಡಿದಳು. "ಒಂಥರಾ ಅಂಗೇ ಸರ್" ಅಂದಳು.

ಪ್ರಬಂಧ ಅಚ್ಚಾಗಿ ಬಂದಾಗ ಪಟ್ಟಿಯಲ್ಲಿ ನಾಲ್ಕು ಚುಕ್ಕೆಯ ಜಾಗಕ್ಕೆ ದೊಡ್ಡ ಸಾರ್ ಕೈಯಾರೆ ತಿದ್ದಿದ 'ವಿದ್ಯುತ್ ವ್ಯತ್ಯಯ' ಕೂತಿತ್ತು. ಇಬ್ಬರೂ ನೋಡಿದೆವು. ತಿದ್ದೋಣ ಎಂದರೆ ಏನಂತ ತಿದ್ದುವುದು? ಸುಮ್ಮನಾದೆವು. ಒಂದು ಕಳ್ಳಪೂಜೆಯಿಂದ ಪಾಠ ಕಲಿತವಳೇ ಎರಡನೆಯದಕ್ಕೆ ಕೈ ಹಾಕಿದ್ದೆ.

ವೈವಾ ದಿನ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯ ದಿನ, ಹೊರಗಿನ ಪರೀಕ್ಷಕರು ಬಂದರು. ತೆಳ್ಳಗಿನ ಮನುಷ್ಯ, ಎಪ್ಪತ್ತರ ಹತ್ತಿರ. ಮುಂದಿನ ಸಾಲಿನಲ್ಲಿ ಇಲಾಖೆಯ ಗಂಡಸರೆಲ್ಲ, ಹಿಂದಿನ ಸಾಲಿನಲ್ಲಿ ನಾನು ಮತ್ತು ಚಂದ್ರಿಕಾಳ ಅಪ್ಪ ಅಮ್ಮ. ಅವಳು ಚೆನ್ನಾಗಿ ಹೇಳಿದಳು. ಕುಂಕುಮದ ವಿಷಯ ಬಂದಾಗ ಸಭೆ ನಕ್ಕಿತು, ಪರೀಕ್ಷಕರು ನಗಲಿಲ್ಲ, ಪುಟ ತಿರುವಿದರು.

"ಇಲ್ಲಿ ನಾಲ್ಕು ಶುಕ್ರವಾರ ವಿದ್ಯುತ್ ವ್ಯತ್ಯಯ ಅಂತಿದೆ. ಕರೆಂಟು ಹೋಗಿದ್ರೆ ನಿಮ್ಮ ಯಂತ್ರ ಗಂಟೆಗೊಂದು ಅಳತೆ ಹೇಗೆ ಕೊಡ್ತಮ್ಮ?"

ಚಂದ್ರಿಕಾ ಬಾಯಿ ತೆರೆಯುವ ಮುಂಚೆ ದೊಡ್ಡ ಸಾರ್ ಮುಂದೆ ಬಂದರು. "ಯುಪಿಎಸ್ ಇತ್ತು ಸರ್."

"ಸರಿ, ಯಂತ್ರಕ್ಕೆ ಯುಪಿಎಸ್. ಪೂಜೆ ಯಾಕೆ ನಿಲ್ತು? ಊದುಬತ್ತಿಗೂ ಕರೆಂಟು ಬೇಕೇನ್ರೀ?" ಅವರು ಪ್ರಬಂಧ ಮುಚ್ಚಿದರು. "ನೋಡಮ್ಮ, ನಿನ್ನ ವಾದವೆಲ್ಲ ಈ ಪಟ್ಟಿ ಮೇಲೆ ನಿಂತಿದೆ. ಪಟ್ಟಿಯಲ್ಲಿ ನಾಲ್ಕು ಸುಳ್ಳಿದ್ರೆ ಮಿಕ್ಕಿದ್ದನ್ನ ನಾನು ಯಾಕೆ ನಂಬಲಿ?"

ಚಂದ್ರಿಕಾ ತನ್ನಪ್ಪನ ಕಡೆ ನೋಡಿದಳು, ಮುಂದಿನ ಸಾಲಿನ ಗಂಡಸರ ಕಡೆ ನೋಡಿದಳು. ಕೋಡುಬಳೆಯ ದಿನ ನೆನಪಾಯಿತು. ಮೊಣಕಾಲು ಹಿಡಿದುಕೊಂಡು ಎದ್ದು ನಿಂತೆ.

"ಸರ್, ಆ ಲಾಗ್ ಪುಸ್ತಕ ಬರೆದೋಳು ನಾನು. ಅದು ಕರೆಂಟಲ್ಲ. ಆ ನಾಲ್ಕು ದಿನ ನಾನು ದೇವರನ್ನ ಮುಟ್ಟೋ ಹಾಗಿರ್ಲಿಲ್ಲ. ತಿಂಗಳದ್ದು."

ಮುಂದಿನ ಸಾಲು ಒಟ್ಟಾಗಿ ಫ್ಯಾನ್ ನೋಡಿತು. ಟೀ ಟ್ರೇ ಹಿಡಿದು ಬಂದ ಸಿದ್ದರಾಜು ಬಾಗಿಲಲ್ಲೇ ಕಲ್ಲಾದ. ದೊಡ್ಡ ಸಾರ್ ಕಿವಿ ದಾಸವಾಳ.

ಪರೀಕ್ಷಕರು ಮಾತ್ರ ಮತ್ತೆ ಪುಟ ತೆರೆದರು. "ಯಂತ್ರ ಮುಟ್ಟಬಹುದಿತ್ತಾ?"

"ಯಂತ್ರಕ್ಕೆ ಮಡಿ ಇಲ್ಲ ಸರ್. ಮುಟ್ಟದಿದ್ರೆ ಹಾಜರಿ ಹಾಕ್ತಿರ್ಲಿಲ್ಲ."

"ಆಯ್ತು. ಆದ್ರೆ ತಿಂಗಳ ಲೆಕ್ಕ ಅಂತೀರಿ, ಇಲ್ಲಿ ಲೆಕ್ಕ ಕೂಡ್ತಿಲ್ಲ. ಒಂದು ಐದು ವಾರಕ್ಕೆ, ಒಂದು ಒಂಬತ್ತು ವಾರಕ್ಕೆ ಬಂದಿದೆಯಲ್ಲ?"

"ಆ ವರ್ಷ ವಯಸ್ಸಾಗ್ತಾ ಇದ್ದದ್ದು ನಾದಿನಿಗಲ್ಲ ಸರ್, ನನಗೆ."

ಮೊದಲು ನಕ್ಕದ್ದು ಚಂದ್ರಿಕಾಳ ಅಮ್ಮ. ಸೆರಗು ಬಾಯಿಗಿಟ್ಟು, ಭುಜ ಕುಣಿಸುತ್ತ. ಆಮೇಲೆ ಪರೀಕ್ಷಕರು. ಟ್ರೇಯ ಮೇಲಿನ ಲೋಟಗಳೂ ಕಿಣಿಕಿಣಿ ಅಂದವು. ನಗು ನಿಂತ ಮೇಲೆ ಅವರು ಮುಂದಿನ ಸಾಲಿನವರ ಕಡೆ ತಿರುಗಿ ಹೇಳಿದರು. "ಯಾವ ಬ್ಯಾಕಪ್ ಕೆಲಸವೂ ಐದು ವಾರಕ್ಕೊಮ್ಮೆ, ಒಂಬತ್ತು ವಾರಕ್ಕೊಮ್ಮೆ ತಾನಾಗಿ ತಪ್ಪಲ್ಲ. ಈ ಚುಕ್ಕೆಗಳು ಹೀಗೆ ಅಡ್ಡಾದಿಡ್ಡಿ ಬಂದಿರೋದ್ರಿಂದಲೇ ಕಾರಣ ಹೂವು ಅಂತ ನಾನು ನಂಬ್ತೀನಿ. ಇದನ್ನ ಬಚ್ಚಿಟ್ಟು ಕರೆಂಟು ಅಂದ್ರಲ್ಲಮ್ಮ! ತಿದ್ದಿ ಕೊಡು. ಮಿಕ್ಕಿದ್ದು ಒಪ್ಪಿಗೆ."

ತಿದ್ದಿದ ಪ್ರತಿಯಲ್ಲಿ ನಾಲ್ಕು ಚುಕ್ಕೆ ವಾಪಸ್ ಬಂದಿವೆ, ಕೆಳಗೆ ಒಂದು ಸಾಲಿನ ವಿವರಣೆಯೂ ಇದೆ. ಚಂದ್ರಿಕಾ ಆ ಸಾಲನ್ನು ದೊಡ್ಡ ಸಾರ್‌ಗೆ ತೋರಿಸಿ ಸಹಿ ಕೇಳಿದಾಗ ಅವರು, ವೃತ್ತಿಜೀವನದಲ್ಲಿ ಮೊದಲ ಸಲವಿರಬೇಕು, ಓದಿ ಸಹಿ ಹಾಕಿದರು. ಲಕ್ಷ್ಮಿ ಈಗ ಬಾಗಿಲ ಮೇಲಿದ್ದಾಳೆ, ಯಾರ ಗಾಳಿಗೂ ಅಡ್ಡವಾಗದೆ.

ಬೀದರ್ ಹುಡುಗಿ ಚುಕ್ಕೆಗಳ ಬಗ್ಗೆ ಇನ್ನೂ ಕೇಳಿಲ್ಲ. ಬಸ್ಸಾರಿನ ಬಗ್ಗೆ ಕೇಳಿದ್ದಕ್ಕೆ ಉತ್ತರ ಇದು: ಮುಂದೆ ಯಾವುದು ಬೇಕಾಗುತ್ತದೆಂದು ಬರೆಯುವಾಗ ನನಗೆ ಗೊತ್ತಿರಲಿಲ್ಲ ಕಣಮ್ಮ. ಯಂತ್ರದ ಪಕ್ಕ ಏನೇನು ನಡೆಯಿತೋ ಎಲ್ಲ ಬರೆದೆ. ವೈವಾ ದಿನದ ಪುಟ ತೆಗೆದು ನೋಡು. 'ಎಸಿ ಸರಿಯಿದೆ. ನಾದಿನಿ ತಣ್ಣಗಿದ್ದಾಳೆ. ಚಂದ್ರಿಕಾ ಪಾಸು. ಡಬ್ಬಿಯಲ್ಲಿ ಬಸ್ಸಾರು, ಗಡಿಬಿಡಿಯಲ್ಲಿ ತೆರೆಯಲಿಲ್ಲ, ಸಿದ್ದರಾಜು ತಿಂದು ಉಪ್ಪು ಕಮ್ಮಿ ಅಂದ. ಕೋಡುಬಳೆ ನಾಲ್ಕು. ತಿಂದೆ.'